ಮಣಿಕಟ್ಟಿನ ಮ್ಯಾಲಿನ ನೊರಿ

ವಾಸ್ಕೋದಾಗ ಗಾಳೀಗೆ ಸೈತ ಉಪ್ಪು.
ಹಡಗದಿಂದ ಇಳದವ್ರ ಗಲ್ಲ ಮುಟ್ಟಿದ್ರ
ಒಣಮೀನದ ಬೆನ್ನು ಸವರಿಧಂಗ.
ಅಂಥಾ ಮಾರಿಗಳ ನಡುವ ಹದಿನೇಳು ವರ್ಷ ನಿಂತೀನಿ,
ಅದಕ್ಕ ಹೇಳ್ತೀನಿ, ಕೇಳ್ರಿ:
ಕತ್ತಿ ಯಾರನ್ನೂ ಸುಡೂದಿಲ್ಲ,
ಸುಡೂದು ಸಬಕಾರ.

ನಮ್ಮಪ್ಪಗ ಈ ಮಾತು ಗೊತ್ತಿರಲಿಲ್ಲ.
ಇಡೀ ಊರಿಗೆ ಒಂದ ಬಟ್ಟಲ, ಒಂದ ತುಂಡು,
ಅರಿವಿ ಒಗ್ಯೂದೋ ಗಡ್ಡ ತೊಯ್ಸೂದೋ ದೇವರ ಬಲ್ಲ.
ಮ್ಯಾಲ ಪಟಿಕದ ಹರಳು ತಿಕ್ಕಿ
ಗೌಡ ಹಲ್ಲು ಕಚ್ಚಿದ್ರ
"ಉರದ್ರನ ಚಲೋ" ಅಂತಿದ್ದ.
ವರ್ಷಕ್ಕ ಎರಡು ಚೀಲ ಜೋಳದ ಆಯ,
ಆ ಜೋಳಕ್ಕ ಅಷ್ಟ ನೊರಿ.

ನನ್ನ ಹಲಿಗಿ ಮ್ಯಾಲ ಈಗ ಸಂತಿ.
ಒತ್ತಿದ್ರ ಬುಸ್ ಅನ್ನೂ ಡಬ್ಬಿ ಹುಡುಗರಿಗೆ ಬೇಕು;
ಬರೇ ಗಾಳಿ ಅದು,
ಗಾಳಿ ಹೋತು, ಮಾರಿ ಹಲಗಿ ಬಿಗಧಂಗ ಬಿಗೀತು.
ಪೆಪ್ಪರಮೆಂಟಿನ ಹಸರ ಟ್ಯೂಬು ತಂಪು ಅನಸ್ತದ,
ಅರ್ಧಾ ತಾಸಿಗೆ ತುಟಿ ಬಾಜೂಕ ಸಿಪ್ಪಿ ಏಳ್ತದ.
ಇನ್ನ ಮಡಗಾಂವಿಂದ ಡಿಮೆಲ್ಲೊ ತಂದುಕೊಟ್ಟ
ದುಬೈದ ಅತ್ತರ ಕ್ರೀಮು:
ಮೂಗಿಗೆ ಹಬ್ಬ, ತೊಗಲಿಗೆ ಉಪಾಸ.

ಮದ್ಯಾಹ್ನ ಗೋವಾ ಮಲಗಿರ್ತದ.
ಅರ್ಧಾ ಇಳಿಸಿದ ಷಟರಿನ ಕೆಳಗ
ಬಗ್ಗಿ ಬರ್ತಾಳ ಲವೀನಾ.
ಪಣಜಿ ನದ್ಯಾಗ ನಿಂತ ಜೂಜಿನ ಹಡಗದಾಗ
ಇಸ್ಪೀಟು ಹಂಚೂ ಕೆಲಸ.
ಬೆಳಗಾಗೂ ತನಕ ದೀಪದ ಕೆಳಗ ಮಾರಿ,
ಮಾರಿ ಮ್ಯಾಲ ಬಣ್ಣ.
ತೊಗಲು ಒಣಗಿತ್ತಂದ್ರ
ರಾತ್ರಿ ಒಂದಕ್ಕ ಬಣ್ಣ ಬಿರೀತದ,
ಹಳೇ ಗೋಡಿ ಸುಣ್ಣದಂಗ.

ಮೊದಲ ದಿನ ಕುರ್ಚಿ ತುದೀಗೆ ಕುಂತು
"ಏನೂ ಕೇಳಬ್ಯಾಡಣ್ಣಾ" ಅಂದ್ಳು.
ನಾ ಕೇಳಿದ್ದು ಒಂದ: "ಎಲ್ಲಿ ಉರೀತದ?"
ಗದ್ದದ ಕೆಳಗ ಬೆರಳಿಟ್ಟಳು.
ಕೆಂಪು ಗುಳ್ಳಿ, ಸಾಸಿವಿ ಚೆಲ್ಲಿಧಂಗ.
ದಿನಕ್ಕ ಎರಡು ಸಲ ತಾನ ಕೆರಕೊಂಡಿದ್ಳು,
ಮೈಗೆ ಹಚ್ಚೂ ಸಬಕಾರ,
ಬಾಡಿಗಿ ಖೋಲಿಯ ಬೋರಿನ ಉಪ್ಪುನೀರು.

ಆವತ್ತಿಂದ ಹೊಸಾದು ಯಾವ್ದು ತಂದ್ರೂ
ನನ್ನ ಮಣಿಕಟ್ಟಿನ ಒಳಮೈಗೆ ಹಚ್ಚಿ
ಒಂದು ರಾತ್ರಿ ಬಿಟ್ಟು ನೋಡ್ತೀನಿ.
"ಯಾರ ಸಲುವಾಗಿ ಹಿಂಗ ಕೈ ಮೂಸಿ ನೋಡ್ತಿ?" ಅಂತಾಳ ಹೆಣ್ತಿ ನಾಗವ್ವ.
ಗಿರಾಕಿ ಸಲುವಾಗಿ ಅಂತೀನಿ. ಖರೇನ ಅದ.
ಏಳು ಟ್ಯೂಬು ಕಸಕ್ಕ ಹೋದವು.
ಒಂದಂತೂ ರೂಪಾಯಿ ಅಗಲ ಕಲಿ ಬಿಟ್ಟು
ಹದಿನೈದು ದಿನ ಹೋಗಲಿಲ್ಲ.

ಎಂಟನೇದು ನಿಂತಿತು.
ವಾಸನಿ ಇಲ್ಲ, ಹೆಸರು ನನ್ನ ನಾಲಿಗೀಗೆ ತಿರಗೂದಿಲ್ಲ,
ಔಷಧ ಅಂಗಡ್ಯಾಕಿ ಓದಿ ಹೇಳಿದ್ಳು: ಗ್ಲಿಸರಿನ್ ಜಾಸ್ತಿ,
ಸ್ಪಿರಿಟ್ ಇಲ್ಲ.

ಬಿಸಿ ಅರಿವಿ ಮೂರು ಸಲ ಇಡ್ರಿ.
ಬ್ರಷ್ಷು ಎಮ್ಮಿ ಕರ ಇದ್ದಂಗ,
ಸಾಕನ್ನೂ ತನಕ ನೀರು ಕುಡ್ಯಾಕ ಬಿಡ್ರಿ.
ನೊರಿ ಹಾರಬಾರದು, ಕುಂದರಬೇಕು,
ಹಾಲಿನ ಮ್ಯಾಲ ಕೆನಿ ಕುಂತಂಗ.
ಕತ್ತಿ ಮುಗ್ಯೂದರಾಗ ಒಣಗಿತೋ, ಮತ್ತ ಹಚ್ಚರಿ,
ಇದರಾಗ ಜಿಪುಣತನ ಬ್ಯಾಡ.
ಕೂದಲ ಹೋದ ದಾರೀಲೇ ಹೋಗ್ರಿ;
ಎದುರು ಹೋದಾವ ರಕ್ತ ನೋಡ್ತಾನ.

ಲವೀನಾ ಮೊದಲ ಕಣ್ಣು ಮುಚ್ಚಿ ಕೂಡ್ತಿದ್ಳು.
ಕನ್ನಡಿ ಕಡೆ ಯಾವಾಗ ತೆರದಳೋ
ನಾ ಲಕ್ಷ್ಯ ಇಡಲಿಲ್ಲ, ಕೈಯಾಗ ಕತ್ತಿ ಇತ್ತು.
ನಿನ್ನೆ ಅಂಗೈ ಹಿಂಬದಿ ಗಲ್ಲಕ್ಕ ತಿಕ್ಕಿ ನಕ್ಕಳು:
"ಮೊನ್ನೆ ಒಬ್ಬಾವ ಎಲಿ ನೋಡೂದು ಬಿಟ್ಟು
ನನ್ನ ಮಾರಿ ನೋಡ್ಕೋತ ನಲವತ್ತು ಸಾವಿರ ಸೋತ.
ಅರ್ಧಾ ಪಾಪ ನಿಂದು."

ಟ್ಯೂಬಿನ ಮ್ಯಾಲ ಮುನ್ನೂರಾ ಹತ್ತು ಅಂತ ಬರದದ.
ಈ ನೊರಿ ಗೌಡಗ ಹಚ್ಚಿದ್ರ
ಎರಡು ಚೀಲ ಜೋಳ ಎಲ್ಲಿ ಸಾಕು!

ಇವತ್ತ ಒತ್ತಿದ್ರ ಬರೇ ಸಪ್ಪಳ.
ಬುಡ ಕತ್ತರಿಸಿ, ಬೆರಳು ಹಾಕಿ ನೋಡಿದೆ,
ಒಂದು ಮಾರಿಗೆ ಆಗೂವಷ್ಟು ಅಂಟಿಕೊಂಡದ.
ಡಿಮೆಲ್ಲೊ ಬಂದು ಅದನ್ನ ಹಚ್ಚು ಅಂದ.
ಮುಗದದ ಅಂದೆ.